ಉದ್ದದ ಕಯಾಕ್ ವೇಗ ಎನ್ನುತ್ತಾರಲ್ಲ, ನನಗೇಕೆ ಹಾಗಾಗಲಿಲ್ಲ?

ಶಾಂಭವಿತೀರ
ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಮೂಲ್ಕಿಯ ಹಿನ್ನೀರಿನಲ್ಲಿ ಹುಟ್ಟು ಹಾಕುತ್ತಿದ್ದೇನೆ. ಇಲ್ಲಿಯವರೆಗೆ ಬಾಡಿಗೆಯ ದೋಣಿ. ಮೇಲೆ ಕುಳಿತು ನಡೆಸುವ ಪ್ಲಾಸ್ಟಿಕ್ ಕಯಾಕ್, 3 ಮೀಟರ್ ಉದ್ದ, 78 ಸೆಂ.ಮೀ. ಅಗಲ. ಈಗ ಕಡಲಿಗೂ ಇಳಿಯುವ ಆಸೆಯಾಗಿದೆ, ಸ್ವಂತದ್ದೊಂದು ಕೊಳ್ಳಬೇಕು. ಎರಡು ಹಳೆಯ ಕಯಾಕ್‌ಗಳು ಮಾರಾಟಕ್ಕಿವೆ. ಒಂದು ಫೈಬರ್‌ಗ್ಲಾಸಿನದು, 5.3 ಮೀಟರ್ ಉದ್ದ, 54 ಸೆಂ.ಮೀ. ಅಗಲ, ಸ್ಕೆಗ್ (ಹಿಂಭಾಗದ ತಳದಿಂದ ನೀರಿಗೆ ಇಳಿಸುವ ಸಣ್ಣ ರೆಕ್ಕೆ) ಇಲ್ಲ, ಚುಕ್ಕಾಣಿಯೂ ಇಲ್ಲ. ಇನ್ನೊಂದು ಪ್ಲಾಸ್ಟಿಕ್, 4.4 ಮೀಟರ್, 60 ಸೆಂ.ಮೀ., ಸ್ಕೆಗ್ ಇದೆ.

ಹೋದ ಭಾನುವಾರ ಉದ್ದದ್ದನ್ನು ನೀರಿಗಿಳಿಸಿ ನೋಡಿದೆ. ಬೆಳಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ ನೇರವಾಗಿ, ಸದ್ದಿಲ್ಲದೆ ಸಾಗಿತು. ಅಳಿವೆ ದಾಟಿ ಹೊರಗೆ ಹೋದಾಗ ಹನ್ನೊಂದು ಗಂಟೆ, ಪಡುಗಾಳಿ ಎದ್ದಿತ್ತು. ನಾನು ತೆಂಕು ದಿಕ್ಕಿಗೆ ಹೋಗಬೇಕು, ದೋಣಿ ಮೂತಿಯನ್ನು ಪಡುವಣಕ್ಕೆ ತಿರುಗಿಸಿಕೊಂಡೇ ನಿಲ್ಲುತ್ತದೆ. ಬಲಗಡೆ ನಾಲ್ಕು ಹುಟ್ಟು ಹಾಕಿದರೆ ಎಡಗಡೆ ಒಂದು. ಮರಳಿ ಬರುವಷ್ಟರಲ್ಲಿ ಬಲ ಭುಜ ಕಳಚಿ ಬೀಳುವಂತಾಗಿತ್ತು. ಮೊಬೈಲ್ ತೋರಿಸಿದ ಸರಾಸರಿ ವೇಗ ಗಂಟೆಗೆ 4.6 ಕಿ.ಮೀ. ಬಾಡಿಗೆಯ ಮೊಂಡು ದೋಣಿಯಲ್ಲೂ ಇಷ್ಟೇ ಹೋಗುತ್ತೇನೆ!

ನನ್ನ ತೂಕ 52 ಕೆ.ಜಿ., ಎತ್ತರ 157 ಸೆಂ.ಮೀ. ಉದ್ದ ಹೆಚ್ಚಿದಷ್ಟೂ ವೇಗ ಹೆಚ್ಚು ಎಂದು ಎಲ್ಲ ಕಡೆ ಓದಿದ್ದೇನೆ. ತಪ್ಪು ನನ್ನದೋ, ದೋಣಿಯದೋ?

ಉತ್ತರದ ಅಲೆ
ದೋಣಿಯದಲ್ಲ. ಉದ್ದದ್ದನ್ನೇ ಕೊಳ್ಳಿ. ನಾನು ಸಿಯಾಟಲ್ ಬಳಿಯ ಪ್ಯೂಜೆಟ್ ಸೌಂಡ್‌ನಲ್ಲಿ ಒಂಬತ್ತು ವರ್ಷಗಳಿಂದ 5.5 ಮೀಟರಿನ ಕಯಾಕ್ ನಡೆಸುತ್ತಿದ್ದೇನೆ. ಚಿಕ್ಕದನ್ನು ಕೊಂಡವರೆಲ್ಲ ಎರಡೇ ವರ್ಷದಲ್ಲಿ ಮಾರಿ ದೊಡ್ಡದಕ್ಕೆ ಬಂದಿದ್ದಾರೆ. ಎರಡು ಸಲ ದುಡ್ಡು ಸುರಿಯುವುದೇಕೆ? ಕೌಶಲ ಬೆಳೆದಂತೆ ದೋಣಿಯೂ ಒಗ್ಗುತ್ತದೆ.

ಶರಾವತಿ ದಡ
ಒಪ್ಪುವುದಿಲ್ಲ. ನಿಮ್ಮ ತೂಕ ಎಷ್ಟು, ಅದನ್ನು ಮೊದಲು ಹೇಳಿ.

ಉತ್ತರದ ಅಲೆ
86 ಕೆ.ಜಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಶರಾವತಿ ದಡ
ಎಲ್ಲ ಸಂಬಂಧವೂ ಅಲ್ಲೇ ಇದೆ. 5.3 ಮೀಟರಿನ ಕಯಾಕ್‌ಗಳಲ್ಲಿ ಹೆಚ್ಚಿನವನ್ನು 80 ಕೆ.ಜಿ. ಮನುಷ್ಯ, ಅವನ ಡೇರೆ, ವಾರದ ಅಡುಗೆ ಸಾಮಾನು, ಕುಡಿಯುವ ನೀರು ಎಲ್ಲವೂ ಸೇರಿ ಕೂರಬೇಕೆಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಅಷ್ಟು ಭಾರ ಬಿದ್ದಾಗ ಅದು ನೀರಿನಲ್ಲಿ ಸರಿಯಾದ ಮಟ್ಟಕ್ಕೆ ಮುಳುಗುತ್ತದೆ. 52 ಕೆ.ಜಿ.ಯವರು ಬರಿಗೈಯಲ್ಲಿ ಕುಳಿತರೆ ಎರಡೂ ತುದಿಗಳು ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ಆಗ ಆಗುವುದು ಎರಡು. ನೀರಿನೊಳಗೆ ಇರುವ ಉದ್ದ ಕಡಿಮೆಯಾಗುತ್ತದೆ, ಗಾಳಿಗೆ ಒಡ್ಡಿದ ಗೋಡೆ ಹೆಚ್ಚಾಗುತ್ತದೆ. ದುಡ್ಡು ಕೊಟ್ಟದ್ದು 5.3 ಮೀಟರಿಗೆ, ನಡೆಸುವುದು ಅದಕ್ಕಿಂತ ಗಿಡ್ಡ ದೋಣಿಯನ್ನು, ಜೊತೆಗೆ ಬೇಡದ ಹಾಯಿಯೊಂದನ್ನು ಹೊತ್ತುಕೊಂಡು.

ಹೊನ್ನಾವರದಲ್ಲಿ ನನ್ನ ತಂಗಿಗೆ ಆದದ್ದೂ ಇದೇ. ಅವಳೂ ತನ್ನ ತೋಳಿನಲ್ಲಿ ಶಕ್ತಿಯಿಲ್ಲ ಎಂದುಕೊಂಡು ಆರು ತಿಂಗಳು ಕೊರಗಿದಳು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಯಾರೊಬ್ಬರೂ ಅವಳಿಗೆ ದೋಣಿಯ ಅಳತೆಯ ಮಾತು ಹೇಳಿರಲಿಲ್ಲ.

ಲೆಕ್ಕದ ಮೇಷ್ಟ್ರು
ವೇಗದ ಪ್ರಶ್ನೆಗೆ ಲೆಕ್ಕ ಕೊಡುತ್ತೇನೆ, ಕಷ್ಟವೇನಿಲ್ಲ.

ದೋಣಿ ಸಾಗುವಾಗ ನೀರು ಎರಡು ಬಗೆಯಲ್ಲಿ ತಡೆಯುತ್ತದೆ. ಒಂದು, ಒದ್ದೆಯಾದ ಮೈಗೆ ನೀರು ಉಜ್ಜುವ ತಡೆ. ಇನ್ನೊಂದು, ದೋಣಿಯೇ ಎಬ್ಬಿಸುವ ಅಲೆಯ ತಡೆ. ಇವೆರಡನ್ನೂ ಬೇರ್ಪಡಿಸಿ ಅಳೆಯುವ ದಾರಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1870ರ ದಶಕದಲ್ಲಿ ಟಾರ್ಕೀ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗಿನ ಸಣ್ಣ ಮಾದರಿಗಳನ್ನು ಎಳೆದು ನೋಡಿದರು.

ಅಲೆಯ ವೇಗ ಅದರ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ದೋಣಿ ಎಬ್ಬಿಸಿದ ಅಲೆ ದೋಣಿಯಷ್ಟೇ ಉದ್ದವಾದಾಗ, ಮೂತಿ ಒಂದು ಅಲೆಯ ನೆತ್ತಿಯಲ್ಲಿ, ಹಿಂಭಾಗ ಅದರ ಹಿಂದಿನ ಅಲೆಯ ನೆತ್ತಿಯಲ್ಲಿ ಇರುತ್ತದೆ. ಅಲ್ಲಿಂದ ಮುಂದೆ ವೇಗ ಹೆಚ್ಚಿಸುವುದೆಂದರೆ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಿದಂತೆ. ನೀರಿನಲ್ಲಿ ಮುಳುಗಿದ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು, ವರ್ಗಮೂಲ ಮಾಡಿ, 4.5ರಿಂದ ಗುಣಿಸಿದರೆ ಆ ಮಿತಿ ಗಂಟೆಗೆ ಕಿ.ಮೀ.ನಲ್ಲಿ ಸಿಗುತ್ತದೆ. 5 ಮೀಟರಿಗೆ ಸುಮಾರು 10. 4 ಮೀಟರಿಗೆ 9. 3 ಮೀಟರಿಗೆ 7.8. ತೆಳ್ಳಗಿನ ಕಯಾಕ್‌ಗೆ ಇದು ಕಲ್ಲಿನ ಗೋಡೆಯಲ್ಲ, ಕಡಿದಾಗುತ್ತ ಹೋಗುವ ಏರು ಎಂದುಕೊಳ್ಳಿ.

ಈಗ ಮುಖ್ಯ ಮಾತು. ನೀವು ಹೋದದ್ದು 4.6ರಲ್ಲಿ. ಆ ವೇಗದಲ್ಲಿ ಯಾವ ದೋಣಿಯೂ ತನ್ನ ಮಿತಿಯ ಹತ್ತಿರ ಬಂದಿಲ್ಲ. ಅಲ್ಲಿ ಉಜ್ಜುವ ತಡೆಯದೇ ದರ್ಬಾರು. ಉದ್ದ ಹೆಚ್ಚಿದಷ್ಟೂ ಒದ್ದೆಯಾಗುವ ಮೈ ಹೆಚ್ಚು, ಉಜ್ಜುವಿಕೆಯೂ ಹೆಚ್ಚು. ಗಂಟೆಗೆ ಐದಾರು ಕಿ.ಮೀ.ನಲ್ಲಿ ಆರಾಮವಾಗಿ ಸಾಗುವವರಿಗೆ ಅತಿ ಉದ್ದದ ದೋಣಿ ದುಬಾರಿಯೇ. ಎಂಟು, ಒಂಬತ್ತರಲ್ಲಿ ಹೋಗುವ ತೋಳಿದ್ದವರಿಗೆ ಮಾತ್ರ ಅದರ ಲಾಭ ಕೈಗೆ ಬರುತ್ತದೆ.

ಕಾಳಿ ಕಿನಾರೆ
ಮೇಷ್ಟ್ರೇ, ಹಾಗಾದರೆ 3 ಮೀಟರಿನದೇ ಸಾಕೇ?

ಲೆಕ್ಕದ ಮೇಷ್ಟ್ರು
ಇಲ್ಲ. 78 ಸೆಂ.ಮೀ. ಅಗಲದ ಮೊಂಡು ಮೂತಿ ನೀರನ್ನು ಸೀಳುವುದಿಲ್ಲ, ನೂಕುತ್ತದೆ. 6 ಕಿ.ಮೀ. ದಾಟುತ್ತಿದ್ದಂತೆ ಅಲೆಯ ತಡೆ ಜೋರಾಗುತ್ತದೆ. ನಡುವಿನ ಅಳತೆಗೆ ಅದಕ್ಕೇ ಬೆಲೆ.

ತುಂಗಭದ್ರೆ
ನಮ್ಮ ಹಂಪಿಯ ಹರಿಗೋಲು ನೋಡಿದವರಿಗೆ ಈ ಚರ್ಚೆ ಬೇಗ ಅರ್ಥವಾಗುತ್ತದೆ. ಉದ್ದವೂ ಅಗಲವೂ ಒಂದೇ, ತಳ ಚಪ್ಪಟೆ. ಹತ್ತು ಜನ ಕುಳಿತರೂ ಅಲುಗದು, ಮೊಣಕಾಲು ಮುಳುಗುವ ನೀರಿದ್ದರೂ ತೇಲುತ್ತದೆ, ಇದ್ದಲ್ಲೇ ಬುಗುರಿಯಂತೆ ತಿರುಗುತ್ತದೆ. ಆದರೆ ನೇರ ಹೋಗೆಂದರೆ ಹೋಗದು. ಅಂಬಿಗ ಮುಂದೆ ಕುಳಿತು ನೀರನ್ನು ತನ್ನತ್ತ ಎಳೆಯುತ್ತಲೇ ಇರಬೇಕು. ಹರಿಗೋಲನ್ನು ಹಿಡಿದು ಎರಡೂ ಕಡೆ ಜಗ್ಗುತ್ತ ಹೋದರೆ ಕೊನೆಗೆ ಕಡಲ ಕಯಾಕ್ ಆಗುತ್ತದೆ. ಜಗ್ಗಿದಷ್ಟೂ ನೇರ ಹೋಗುವ ಗುಣ ಬರುತ್ತದೆ, ತಿರುಗುವ ಗುಣ ಹೋಗುತ್ತದೆ.

ಕ್ಲೈಡ್ ಕಣಿವೆ
ತುಂಗಭದ್ರೆಯವರ ಮಾತು ಬಹಳ ಹಿಡಿಸಿತು, ಆದರೆ ಉದ್ದವೊಂದೇ ಅಲ್ಲ. ತಳದ ಬಾಗನ್ನೂ ನೋಡಬೇಕು. ದೋಣಿಯನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ಬಾಳೆಕಾಯಿಯಂತೆ ಎರಡೂ ತುದಿ ಮೇಲೆದ್ದಿದ್ದರೆ ಅದನ್ನು ರಾಕರ್ ಎನ್ನುತ್ತಾರೆ. ಬಾಗು ಹೆಚ್ಚಿದ್ದರೆ 5 ಮೀಟರಿನ ದೋಣಿಯೂ ಅಲೆಗಳ ನಡುವೆ ಚುರುಕಾಗಿ ಹೊರಳುತ್ತದೆ. ಬಾಗಿಲ್ಲದ ನೇರ ತಳವಿದ್ದರೆ ರೈಲಿನಂತೆ ಹಳಿ ಬಿಡದು.

ನಾನು ಗ್ಲಾಸ್ಗೋದಲ್ಲಿದ್ದೇನೆ. ಇಲ್ಲಿ ಗಾಳಿಯಿಲ್ಲದ ದಿನವೇ ಅಪರೂಪ, ಹಾಗಾಗಿ ಶಾಂಭವಿತೀರದವರ ಭುಜದ ನೋವು ನನಗೆ ಚೆನ್ನಾಗಿ ಗೊತ್ತು. ದೋಣಿ ಗಾಳಿಗೆ ಮುಖ ಮಾಡುವುದೇಕೆಂದರೆ, ಮುಂದೆ ಸಾಗುವಾಗ ಮೂತಿಯ ಎರಡೂ ಬದಿಯಲ್ಲಿ ನೀರು ಒತ್ತಿ ಹಿಡಿದಿರುತ್ತದೆ, ಹಿಂಭಾಗದ ಬಳಿ ನೀರು ಕದಡಿ ಸಡಿಲವಾಗಿರುತ್ತದೆ. ಅಡ್ಡಗಾಳಿ ಹೊಡೆದಾಗ ಹಿಡಿತವಿಲ್ಲದ ಹಿಂಭಾಗ ಜಾರುತ್ತದೆ, ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ಸ್ಕೆಗ್ ಎಂಬ ಸಣ್ಣ ರೆಕ್ಕೆ ಇರುವುದು ಆ ಹಿಂಭಾಗವನ್ನು ಹಿಡಿದು ನಿಲ್ಲಿಸಲು. ಅದನ್ನು ಪೂರ್ತಿ ಇಳಿಸಬೇಕಿಲ್ಲ. ಅಡ್ಡಗಾಳಿಗೆ ಅರ್ಧ ಇಳಿಸಿದರೆ ದೋಣಿ ನೇರವಾಗುತ್ತದೆ, ಪೂರ್ತಿ ಇಳಿಸಿದರೆ ಮೂತಿ ಗಾಳಿಗೆ ಬೆನ್ನು ಹಾಕತೊಡಗುತ್ತದೆ.

ಸ್ಕೆಗ್ ಇಲ್ಲದಿದ್ದರೆ ಸೊಂಟವಿದೆ. ಗಾಳಿ ಬಲದಿಂದ ಬರುತ್ತಿದ್ದರೆ ದೋಣಿಯನ್ನು ಬಲಕ್ಕೆ ಸ್ವಲ್ಪ ವಾಲಿಸಿ, ಎಡ ಮೊಣಕಾಲು ಮೇಲೆತ್ತಿ, ಬಲಗಡೆ ಹುಟ್ಟನ್ನು ಅಗಲವಾಗಿ ಬೀಸಿ. ವಾಲಿದ ಕಡೆಗೆ ದೋಣಿ ತಿರುಗುವುದಿಲ್ಲ, ಎದುರು ಕಡೆಗೆ ತಿರುಗುತ್ತದೆ. ಸೈಕಲ್ ಹೊಡೆದವರಿಗೆ ಇದು ಮೊದಲು ತಲೆಕೆಳಗು ಅನ್ನಿಸುತ್ತದೆ. ವಾಲಿದ ಬದಿಯ ಉಬ್ಬು ನೀರಿಗಿಳಿದು ದೋಣಿಯನ್ನು ಆಚೆ ಕಡೆಗೆ ಒತ್ತುವುದೇ ಅದಕ್ಕೆ ಕಾರಣ.

ಶಾಂಭವಿತೀರ
ವಾಲಿಸಲು ನೋಡಿದೆ. ಆದರೆ ಒಳಗೆ ನನ್ನ ತೊಡೆ ಎಲ್ಲಿಯೂ ತಾಗುತ್ತಿರಲಿಲ್ಲ. ಮೊಣಕಾಲೆತ್ತಿದರೆ ನಾನು ಸೀಟಿನಲ್ಲಿ ಜಾರುತ್ತೇನೆ, ದೋಣಿ ಹಾಗೆಯೇ ಇರುತ್ತದೆ.

ಶರಾವತಿ ದಡ
ಅಲ್ಲಿಗೆ ಮುಗಿಯಿತು! ಆ ದೋಣಿ ನಿಮ್ಮದಲ್ಲ. ಚಪ್ಪಲಿ ಎರಡು ಸೈಜು ದೊಡ್ಡದಾದರೆ ನಡಿಗೆ ಕಲಿಯಿರಿ ಎಂದು ಯಾರಾದರೂ ಹೇಳುತ್ತಾರೆಯೇ?

ಉತ್ತರದ ಅಲೆ
ಸೊಂಟಕ್ಕೆ ಫೋಮ್ ಅಂಟಿಸಿದರೆ ಸರಿಹೋಗುತ್ತದೆ. ಅಷ್ಟಕ್ಕೇ ಒಳ್ಳೆಯ ದೋಣಿಯನ್ನು ಬಿಡುವುದು ಬೇಡ. 54 ಸೆಂ.ಮೀ. ಅಗಲದ ದೋಣಿಗೆ ಮೊದಲು ಅಲುಗಾಟ ಹೆಚ್ಚು, ನಿಜ. ಆದರೆ ಅಲೆಯಲ್ಲಿ ಅದೇ ಭದ್ರ. ಅಗಲದ ಚಪ್ಪಟೆ ತಳ ಸಮನಾದ ನೀರಿನಲ್ಲಿ ಭದ್ರವೆನಿಸುತ್ತದೆ, ಅಡ್ಡಲಾಗಿ ಅಲೆ ಬಂದಾಗ ಅಲೆಯ ಇಳಿಜಾರಿಗೆ ತಾನೂ ಅಂಟಿಕೊಂಡು ವಾಲುತ್ತದೆ. ಉರುಟು ತಳ ಅಲೆಯನ್ನು ತನ್ನ ಕೆಳಗೆ ಉರುಳಲು ಬಿಟ್ಟು ತಾನು ನೆಟ್ಟಗಿರುತ್ತದೆ.

ಲೆಕ್ಕದ ಮೇಷ್ಟ್ರು
ತಳದ ಮಾತು ಸರಿ. ಆದರೆ ಅಗಲವನ್ನು ಹಗುರವಾಗಿ ಕಾಣಬೇಡಿ. ಉಳಿದದ್ದೆಲ್ಲ ಒಂದೇ ಇದ್ದರೆ ವಾಲಿಕೆಯನ್ನು ತಡೆಯುವ ಬಲ ನೀರಿನ ಮಟ್ಟದಲ್ಲಿನ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. 54ರಿಂದ 60ಕ್ಕೆ ಹೋದರೆ ಆರೇ ಸೆಂ.ಮೀ., ಭದ್ರತೆ ಮಾತ್ರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. 54ರಿಂದ 78ಕ್ಕೆ ಹೋದರೆ ಮೂರು ಪಟ್ಟು. ಸೀಟಿನ ಎತ್ತರವೂ ಹಾಗೆಯೇ. ಎರಡು ಸೆಂ.ಮೀ. ಮೇಲೆ ಕುಳಿತರೆ ಬೇರೆಯೇ ದೋಣಿ ಎನ್ನಿಸುತ್ತದೆ.

ಪಾತಿ ದೋಣಿ
ನಾನು ಕಯಾಕ್ ನಡೆಸಿದವನಲ್ಲ. ಕುಂದಾಪುರದ ಕಡೆಯ ಮೀನುಗಾರರ ಮನೆಯವನು, ಬಹಳ ದಿನಗಳಿಂದ ಇಲ್ಲಿ ಬರೀ ಓದುತ್ತಿದ್ದೆ. ನಮ್ಮಜ್ಜ ಪಾತಿ ದೋಣಿಯಲ್ಲಿ ಬಲೆ ಹಾಕುತ್ತಿದ್ದರು. ಮೀನು ತುಂಬಿದ ದೋಣಿ ಗಾಳಿಗೆ ಬಗ್ಗುತ್ತಿರಲಿಲ್ಲ, ಬರಿದಾದ ದೋಣಿ ಮಾತು ಕೇಳುತ್ತಿರಲಿಲ್ಲ. ಮೀನು ಸಿಗದ ದಿನ ಗೋಣಿಚೀಲಕ್ಕೆ ಹೊಯ್ಗೆ ತುಂಬಿ ಒಳಗಿಟ್ಟುಕೊಂಡೇ ಮರಳುತ್ತಿದ್ದರು. ಚೀಲವನ್ನು ಇಡುವ ಜಾಗಕ್ಕೂ ಲೆಕ್ಕವಿತ್ತು. ಗಾಳಿ ಅಡ್ಡ ಇದ್ದರೆ ಒಂದು ಗೇಣು ಹಿಂದಕ್ಕೆ, ಎದುರು ಇದ್ದರೆ ಒಂದು ಗೇಣು ಮುಂದಕ್ಕೆ. ಚೀಲವನ್ನು ಕಾಲಿನಿಂದಲೇ ತಳ್ಳಿ ಸರಿಸುತ್ತಿದ್ದರು, ಕೈಯಿಂದ ಹುಟ್ಟು ಬಿಡುತ್ತಿರಲಿಲ್ಲ. ಹಲಗೆಯ ಮೇಲೆ ಹೊಯ್ಗೆ ಉಜ್ಜುವ ಆ ಸದ್ದು ಇನ್ನೂ ಕಿವಿಯಲ್ಲಿದೆ. ನಿಮ್ಮ ಉದ್ದದ ದೋಣಿಗೂ ಭಾರ ಹಾಕಿ ನೋಡಬಾರದೇ?

ಕ್ಲೈಡ್ ಕಣಿವೆ
ನಿಮ್ಮ ಅಜ್ಜನಿಗೆ ನಮಸ್ಕಾರ. ಭಾರ ಹಿಂದಕ್ಕೆ ಸರಿದರೆ ಹಿಂಭಾಗ ಆಳಕ್ಕೆ ಇಳಿದು ಹಿಡಿತ ಸಿಗುತ್ತದೆ, ಅಂದರೆ ಸ್ಕೆಗ್ ಮಾಡುವ ಕೆಲಸವನ್ನೇ ಆ ಚೀಲ ಮಾಡುತ್ತಿತ್ತು. ಶಾಂಭವಿತೀರದವರೇ, ಹಿಂದಿನ ಗೂಡಿಗೆ ನೀರಿನ ಕ್ಯಾನ್ ಇಟ್ಟು ನೋಡಿ. ಅಲುಗದಂತೆ ಕಟ್ಟುವುದನ್ನು ಮರೆಯಬೇಡಿ. ಸಡಿಲವಾದ ಭಾರ ಅಲೆಯಲ್ಲಿ ಪಕ್ಕಕ್ಕೆ ಉರುಳಿದರೆ ದೋಣಿಯನ್ನೇ ಮಗುಚುತ್ತದೆ.

ಅಗುಂಬೆ ಮಳೆ
ವಿಷಯಾಂತರಕ್ಕೆ ಕ್ಷಮೆ ಇರಲಿ. ಭಾರ ಹೊತ್ತ ಕಯಾಕ್ ಎಂದಾಗ ಆಸ್ಕರ್ ಸ್ಪೆಕ್ ನೆನಪಾದರು. ಜರ್ಮನಿಯ ಈ ಮನುಷ್ಯ 1932ರಲ್ಲಿ ಉಲ್ಮ್ ಊರಿನಿಂದ ಡ್ಯಾನ್ಯೂಬ್ ನದಿಗಿಳಿದು, ಮಡಚುವ ಕಯಾಕ್‌ನಲ್ಲಿ ಹೊರಟು, 1939ರಲ್ಲಿ ಆಸ್ಟ್ರೇಲಿಯಾ ಮುಟ್ಟಿದರು. ನಡುವೆ ಭಾರತದ ಪಡುವಣ ಕರಾವಳಿಯುದ್ದಕ್ಕೂ ಇಳಿದು ಸಿಂಹಳಕ್ಕೆ ಹೋದರು, ಅಂದರೆ ನಮ್ಮ ಕಾರವಾರ, ಮಲ್ಪೆ, ಮಂಗಳೂರಿನ ಕಡಲನ್ನು ಹಾದೇ ಹೋಗಿರಬೇಕು. ಮುಟ್ಟಿದ ಹೊತ್ತಿಗೆ ಯುದ್ಧ ಶುರುವಾಗಿತ್ತು, ಜರ್ಮನ್ ಎಂಬ ಕಾರಣಕ್ಕೆ ಅಲ್ಲಿ ಸೆರೆಯಲ್ಲಿಟ್ಟರು.

ಕಾಳಿ ಕಿನಾರೆ
ಮೈ ಜುಮ್ಮೆಂದಿತು. ಅವರ ದೋಣಿ ಎಷ್ಟು ಅಗಲವಿತ್ತು?

ಅಗುಂಬೆ ಮಳೆ
ಮೂಲದಲ್ಲಿ ಇಬ್ಬರು ಕೂರುವ ಬಗೆಯದು, ಅದನ್ನೇ ಒಬ್ಬರಿಗೆ ಒಗ್ಗಿಸಿಕೊಂಡಿದ್ದರು, ಸಣ್ಣ ಹಾಯಿಯೂ ಇತ್ತು. ಚುರುಕಿಗಿಂತ ಹೊರುವ ಶಕ್ತಿಯೇ ಅವರಿಗೆ ಮುಖ್ಯವಾಗಿತ್ತು.

ಕ್ಲೈಡ್ ಕಣಿವೆ
ಚರಿತ್ರೆಗೆ ಬಂದಿರಿ, ನಾನೂ ಒಂದು ಹೇಳುತ್ತೇನೆ. 1959ರಲ್ಲಿ ಗ್ಲಾಸ್ಗೋದ ವಿದ್ಯಾರ್ಥಿ ಕೆನ್ ಟೇಲರ್ ಗ್ರೀನ್‌ಲ್ಯಾಂಡಿನ ಇಗ್ಲೋರ್ಸುಯಿತ್ ಎಂಬ ಊರಿಗೆ ಹೋಗಿ, ಅಲ್ಲಿನ ಕುಶಲಿಗ ತನಗಾಗಿ ಮಾಡಿಕೊಟ್ಟ ಕಯಾಕ್ ತಂದರು. ಬ್ರಿಟನ್ನಿನಲ್ಲಿ ಹೆಸರಾದ ಆನಾಸ್ ಅಕ್ಯೂಟಾ ಮಾದರಿ ಆ ಒಂದು ದೋಣಿಯ ಸಂತತಿ. ಅದರ ತಳ ಉರುಟಲ್ಲ, ಬದಿ ಮತ್ತು ತಳ ಸೇರುವಲ್ಲಿ ಸ್ಪಷ್ಟ ಮೂಲೆಯಿದೆ. ವಾಲಿಸಿದಾಗ ಆ ಮೂಲೆ ನೀರನ್ನು ಕಚ್ಚಿ ಹಿಡಿಯುತ್ತದೆ. ನನ್ನ ಗೆಳತಿಯ ಬಳಿ ಒಂದಿದೆ. ತುದಿಗಳು ಹೇಗೆ ಮೇಲೆದ್ದಿವೆಯೆಂದರೆ, ಒಟ್ಟು ಉದ್ದಕ್ಕೂ ನೀರಿನಲ್ಲಿರುವ ಉದ್ದಕ್ಕೂ ಅಜಗಜಾಂತರ. ಮಾರುವವರು ಹೇಳುವ ಉದ್ದವನ್ನು ನಂಬಬಾರದು ಎಂದು ನಾನು ಕಲಿತದ್ದು ಅಲ್ಲೇ.

ಗ್ರೀನ್‌ಲ್ಯಾಂಡಿನವರು ದೋಣಿಯನ್ನು ಮೈ ಅಳತೆಗೆ ಕಟ್ಟುತ್ತಿದ್ದರು. ರೂಢಿಯ ಲೆಕ್ಕವೆಂದರೆ ಉದ್ದ ತನ್ನ ಎತ್ತರದ ಸುಮಾರು ಮೂರು ಪಟ್ಟು, ಅಗಲ ಸೊಂಟದಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. ಬೇಟೆಗಾರನೊಬ್ಬನ ದೋಣಿ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ.

ಶಾಂಭವಿತೀರ
ನನಗೆ 4.7 ಮೀಟರ್ ಬರುತ್ತದೆ!

ಲೆಕ್ಕದ ಮೇಷ್ಟ್ರು
ಆ 5.3 ಮೀಟರಿನದು 177 ಸೆಂ.ಮೀ. ಎತ್ತರದವನದು. ಇನ್ನೊಂದು ಮಾತು ಬಿಟ್ಟುಹೋಗಿತ್ತು. ನೀವು ವೇಗ ಅಳೆದದ್ದು ಅಳಿವೆಯ ಒಳಗೂ ಸೇರಿಸಿಯೇ? ಇಳಿತವಿತ್ತೇ?

ಶಾಂಭವಿತೀರ
ಹೌದು, ಇಳಿತದ ಹೊತ್ತು. ಮರಳಿ ಬರುವಾಗ ಮರಳದಿಬ್ಬದ ಮೇಲೆ ಹುಟ್ಟಿನ ಅಲಗು ನೆಲಕ್ಕೆ ತಾಗುತ್ತಿತ್ತು. ಹಿಂದಿನಿಂದ ಯಾರೋ ದೋಣಿ ಹಿಡಿದು ಎಳೆದಂತಿತ್ತು.

ಲೆಕ್ಕದ ಮೇಷ್ಟ್ರು
ಅನ್ನಿಸಿದ್ದು ನಿಜವೇ. ತೆಳು ನೀರಿನಲ್ಲಿ ಅಲೆಯ ವೇಗವನ್ನು ಕಟ್ಟಿಹಾಕುವುದು ಆಳ. ಅರ್ಧ ಮೀಟರ್ ಆಳದಲ್ಲಿ ಅದು ಗಂಟೆಗೆ 8 ಕಿ.ಮೀ., 30 ಸೆಂ.ಮೀ.ನಲ್ಲಿ 6ಕ್ಕೆ ಸ್ವಲ್ಪ ಮೇಲೆ. ಆ ವೇಗದ ಹತ್ತಿರ ಬಂದೊಡನೆ ತಡೆ ಒಮ್ಮೆಲೇ ಏರುತ್ತದೆ, ದೋಣಿ ಎಷ್ಟೇ ಉದ್ದವಿರಲಿ. ಹಿನ್ನೀರಿನ ಇಳಿತದಲ್ಲಿ ಎರಡು ದೋಣಿಗಳನ್ನು ಹೋಲಿಸಿದರೆ ಅದು ನೆಲವನ್ನು ಅಳೆದಂತೆ, ದೋಣಿಯನ್ನಲ್ಲ. ಉಬ್ಬರದಲ್ಲಿ, ಆಳದಲ್ಲಿ, ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಎರಡನ್ನೂ ಒಂದೇ ದಿನ ನಡೆಸಿ ನೋಡಿ.

ಶಾಂಭವಿತೀರ
ಮೂರು ವಾರ ಕಳೆದು ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನೂ ಪಾಲಿಸಿದೆ.

ಉಬ್ಬರದಲ್ಲಿ, ಆಳದ ಕಾಲುವೆಯಲ್ಲಿ, ಇಪ್ಪತ್ತು ನಿಮಿಷ ಹೋಗಿ ಇಪ್ಪತ್ತು ನಿಮಿಷ ಬಂದೆ. ಉದ್ದದ್ದು ಗಂಟೆಗೆ 6.1, ಚಿಕ್ಕದ್ದು 5.9. ಇಷ್ಟಕ್ಕಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ!

ಆಮೇಲೆ ಪಡುಗಾಳಿಯಲ್ಲಿ ಹೊರಗೆ ಹೋದೆವು. ಜೊತೆಗೆ ಇಬ್ಬರು ಗೆಳೆಯರಿದ್ದರು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇತ್ತು. ಉದ್ದದ್ದರ ಹಿಂದಿನ ಗೂಡಿಗೆ ಐದು ಲೀಟರಿನ ನಾಲ್ಕು ಕ್ಯಾನ್ ತುಂಬಿ, ಸಂದಿಗೆ ಹಳೆಯ ಸೀರೆ ತುರುಕಿ ಅಲುಗದಂತೆ ಮಾಡಿದೆ. ಅಜ್ಜನ ಮಾತು ನೂರಕ್ಕೆ ನೂರು ನಿಜ. ಬಲಗಡೆ ನಾಲ್ಕು ಹುಟ್ಟಿಗೆ ಎಡಗಡೆ ಒಂದಿದ್ದದ್ದು ಮೂರಕ್ಕೆ ಎರಡಾಯಿತು. ಆದರೆ ಪ್ರತಿ ಸಲ 20 ಕೆ.ಜಿ. ನೀರು ಹೊತ್ತು ಮರಳಿನಲ್ಲಿ ನಡೆಯುವುದು ನನ್ನಿಂದಾಗದು.

ಚಿಕ್ಕದ್ದರಲ್ಲಿ ಸ್ಕೆಗ್ ಅರ್ಧ ಇಳಿಸಿದೆ. ಬಲ ಒಂದು, ಎಡ ಒಂದು. ತೀರದ ತೆಂಗಿನ ಮರವೊಂದಕ್ಕೆ ಮೂತಿ ನೆಟ್ಟು ಹೊರಟವಳು ಆ ಮರದ ಕೆಳಗೇ ಹೋಗಿ ಇಳಿದೆ. ಒಮ್ಮೆಯೂ ಬೇರೆ ಕಡೆ ಹೊರಳಲಿಲ್ಲ. ಭುಜ ಎಂಬುದೊಂದಿದೆ ಎಂದೇ ಮರೆತಿತ್ತು. ಕೊಂಡುಬಿಟ್ಟೆ.

ಉತ್ತರದ ಅಲೆ
ಅಭಿನಂದನೆ. ಎರಡು ವರ್ಷ ಬಿಟ್ಟು ಮತ್ತೆ ಕೇಳುತ್ತೇನೆ. ವಾರಗಟ್ಟಲೆ ಸಾಮಾನು ಹೊತ್ತು ಹೊರಟಾಗ ಉದ್ದ ಬೇಕೆನಿಸುತ್ತದೆ ಎಂಬುದು ಈಗಲೂ ನನ್ನ ಖಚಿತ ಅಭಿಪ್ರಾಯ. ಆದರೆ ತೂಕದ ವಿಷಯ ನಾನು ಯೋಚಿಸಿಯೇ ಇರಲಿಲ್ಲ, ಶರಾವತಿ ದಡದವರು ಹೇಳಿದ್ದು ಸರಿ.

ಶರಾವತಿ ದಡ
ತಂಗಿಗೆ ಇದನ್ನೆಲ್ಲ ಓದಿ ಹೇಳಿದೆ. ನಿಮ್ಮ ಜೊತೆ ಒಮ್ಮೆ ಮೂಲ್ಕಿಯಲ್ಲಿ ಹುಟ್ಟು ಹಾಕಬೇಕಂತೆ.

ಶಾಂಭವಿತೀರ
ಖಂಡಿತ ಬರಲಿ, ಮಳೆಗಾಲಕ್ಕೆ ಮೊದಲೇ. ಇನ್ನೊಂದು ಪ್ರಶ್ನೆ. 60 ಸೆಂ.ಮೀ. ಅಗಲದಲ್ಲಿ ಸೊಂಟದ ಎರಡೂ ಕಡೆ ಮೂರು ಬೆರಳು ಜಾಗ ಉಳಿಯುತ್ತದೆ. ಹಳೆಯ ಯೋಗದ ಚಾಪೆಯನ್ನು ಕತ್ತರಿಸಿ ಪದರ ಪದರವಾಗಿ ಅಂಟಿಸಿದ್ದೆ, ಎರಡೇ ದಿನದಲ್ಲಿ ಉಪ್ಪುನೀರಿಗೆ ಬಿಟ್ಟುಕೊಂಡಿತು. ಯಾವ ಅಂಟು ನಿಲ್ಲುತ್ತದೆ?

ಕಾಳಿ ಕಿನಾರೆ
ಈ ಬಗೆಯ ಪ್ಲಾಸ್ಟಿಕ್ಕಿಗೆ ಅಂಟು ಸುಲಭವಾಗಿ ಹಿಡಿಯದು. ಅಂಟನ್ನು ಬಿಡಿ, ಸೀಟಿನ ಬದಿಗೆ ಎರಡು ತೂತು ಹಾಕಿ ಪಟ್ಟಿಯಿಂದ ಬಿಗಿದು ಕಟ್ಟಿ. ತೂತು ಸೀಟಿಗೆ ಮಾತ್ರ, ದೋಣಿಯ ಮೈಗೆ ಬೇಡ. ಮೂರು ಬೆರಳಲ್ಲಿ ಎರಡು ಬೆರಳಷ್ಟು ತುಂಬಿಸಿದರೆ ಸಾಕು. ಮಗುಚಿದಾಗ ಸಲೀಸಾಗಿ ಹೊರಬರಲು ಒಂದು ಬೆರಳು ಉಳಿಯಲಿ.